ಅಟ್ಟ ಸೇರಿದ ಲ್ಯಾಪ್‌ಟಾಪುಗಳು

ಆಯುಧಪೂಜೆಯ ದಿನ ಕಾರು, ಸೈಕಲ್ಲು, ಸ್ಕ್ರೂಡ್ರೈವರುಗಳ ಸಾಲಿನಲ್ಲಿ ಲ್ಯಾಪ್‌ಟಾಪಿಗೂ ಕುಂಕುಮ ಇಡುವುದು ಈಗ ನಮ್ಮವರ ಮನೆಗಳಲ್ಲಿ ರೂಢಿಯಾಗಿದೆ. ಅನ್ನ ಕೊಡುವ ಆಯುಧವಲ್ಲವೇ ಅದು! ಆದರೆ ಪೂಜೆಗೆ ಕೂರುವ ಭಾಗ್ಯ ಹೊಸದಕ್ಕೆ ಮಾತ್ರ. ಅದರ ಅಣ್ಣಂದಿರು ಚಾರ್ಜರಿನ ವೈರು ಸುತ್ತಿಕೊಂಡು ಅಟ್ಟದ ಮೇಲೆ ಮಲಗಿರುತ್ತಾರೆ.

ಅವನ್ನು ಏನು ಮಾಡುವುದು? ನಾವಿರುವ ಡಗ್ಲಸ್ಸಿನಿಂದ ಕಿನ್ಸೇಲ್ ರೋಡಿನ ಸಂಗ್ರಹಣಾ ಕೇಂದ್ರ ದೂರವೇನಿಲ್ಲ. ಐರ್ಲೆಂಡಿನಲ್ಲಿ 2005ರ ಆಗಸ್ಟ್‌ನಿಂದ ಮನೆಯ ಹಳೆಯ ವಿದ್ಯುತ್ ಸಾಮಾನುಗಳನ್ನು ಉಚಿತವಾಗಿ ಹಿಂದಕ್ಕೆ ಪಡೆಯುವ ಕಾನೂನಿದೆ. ಹೊಸದು ಕೊಂಡರೆ ಅದೇ ಬಗೆಯ ಹಳೆಯದನ್ನು ಅಂಗಡಿಯವರೇ ತೆಗೆದುಕೊಳ್ಳಬೇಕು. ಒಳ್ಳೆಯ ವ್ಯವಸ್ಥೆ. ಆದರೆ ಅಲ್ಲಿ ಹಾಕಿ ಬಂದ ಕೂಡಲೇ ಮನಸ್ಸು ಹಗುರಾಗಿಬಿಡುತ್ತದೆ ನೋಡಿ, ತೊಂದರೆ ಇರುವುದೇ ಅಲ್ಲಿ. ಪುಡಿ ಮಾಡಿ ಕರಗಿಸಿದಾಗ ತಾಮ್ರ, ಅಲ್ಯೂಮಿನಿಯಂ, ಚೂರು ಚಿನ್ನ ಸಿಗಬಹುದು. ಚಿಪ್ಪು ಚಿಪ್ಪಾಗಿ ಮರಳಿ ಬರುವುದಿಲ್ಲ. ಅದನ್ನು ತಯಾರಿಸಲು ಸುರಿದ ನೀರು, ವಿದ್ಯುತ್ತು ಹೋದದ್ದು ಹೋದಂತೆಯೇ. 2022ರಲ್ಲಿ ಜಗತ್ತಿನಲ್ಲಿ 6 ಕೋಟಿ 20 ಲಕ್ಷ ಟನ್ ಇ-ತ್ಯಾಜ್ಯ ಹುಟ್ಟಿತು ಎಂದು ವಿಶ್ವಸಂಸ್ಥೆಯ ವರದಿ ಹೇಳುತ್ತದೆ. ಅದರಲ್ಲಿ ಲೆಕ್ಕಕ್ಕೆ ಸಿಕ್ಕು ಸರಿಯಾಗಿ ಸಂಸ್ಕರಣೆಗೆ ಹೋದದ್ದು ಕಾಲು ಭಾಗಕ್ಕಿಂತ ಕಡಿಮೆ.

ಇಡೀ ಲ್ಯಾಪ್‌ಟಾಪು ಒಮ್ಮೆಗೇ ಸಾಯುವುದು ಅಪರೂಪ. ಬ್ಯಾಟರಿ ಸೋಲುತ್ತದೆ, ಫ್ಯಾನಿನಲ್ಲಿ ಧೂಳು ಕಟ್ಟುತ್ತದೆ, ಕೀಲು ಮುರಿಯುತ್ತದೆ, ಹಾರ್ಡ್ ಡಿಸ್ಕು ನಿಧಾನವಾಗುತ್ತದೆ. ಹಿಂದಿನ ಮಾದರಿಗಳಲ್ಲಿ ಕೆಳಗಿನ ಚಿಲಕ ಸರಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು. ತೆಳ್ಳಗಿರಬೇಕೆಂಬ ಹುಚ್ಚು ಹತ್ತಿದ ಮೇಲೆ ಅನೇಕ ಕಂಪನಿಗಳು ಬ್ಯಾಟರಿಯನ್ನು ಅಂಟಿನಿಂದ ಕೂರಿಸಿ, ರ‍್ಯಾಮನ್ನು ಬೋರ್ಡಿಗೇ ಬೆಸೆದವು. 2012ರ ರೆಟಿನಾ ಮ್ಯಾಕ್‌ಬುಕ್ ಪ್ರೋ ಇದಕ್ಕೆ ಹೆಸರಾಂತ ಉದಾಹರಣೆ. ಒಂದು ಅಂಗ ಕೆಟ್ಟರೆ ಇಡೀ ದೇಹವನ್ನೇ ಎಸೆಯಿರಿ ಎನ್ನುವ ವೈದ್ಯ ಇದು!

ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದವರಿಗೆ ಇದರ ಉಲ್ಟಾ ಲೋಕ ಗೊತ್ತು. ಸತ್ತ ಲ್ಯಾಪ್‌ಟಾಪಿನ ಪರದೆ ಇನ್ನೊಂದಕ್ಕೆ, ಅದರ ಕೀಬೋರ್ಡು ಮತ್ತೊಂದಕ್ಕೆ. ಇಲ್ಲಿ ರಿಪೇರಿಯ ಕೂಲಿಯೇ ಹಳೆಯ ಲ್ಯಾಪ್‌ಟಾಪಿನ ಬೆಲೆ ಮೀರಬಹುದು. ಅಲ್ಲಿ ಕೈಚಳಕಕ್ಕೆ ಬರವಿಲ್ಲ. ಹಾಗೆಂದು ಊರನ್ನು ಹೊಗಳಿಯಷ್ಟೇ ಕೂರುವಂತಿಲ್ಲ. ಉಪಯೋಗ ಮುಗಿದ ಬೋರ್ಡುಗಳನ್ನು ಗಲ್ಲಿಗಳಲ್ಲಿ ಸುಟ್ಟು, ಆಸಿಡ್ಡಿನಲ್ಲಿ ಅದ್ದಿ ಲೋಹ ತೆಗೆಯುವವರ ಪಾಡೂ ಅದೇ ವ್ಯಾಪಾರದ ಕೊನೆ. 2005ರಲ್ಲಿ ಡಾಬಸ್‌ಪೇಟೆಯಲ್ಲಿ ಶುರುವಾದ ಇ-ಪರಿಸರದಂಥ ಘಟಕಗಳು ಬೇಕಾದದ್ದು ಅದಕ್ಕೇ.

ಗಾಳಿ ಸ್ವಲ್ಪ ತಿರುಗುತ್ತಿದೆ. ಫ್ರಾನ್ಸ್ 2021ರಿಂದ ಲ್ಯಾಪ್‌ಟಾಪುಗಳ ಮೇಲೆ ರಿಪೇರಿಯ ಅಂಕ ನಮೂದಿಸುವುದನ್ನು ಕಡ್ಡಾಯ ಮಾಡಿತು. ಅದೇ ವರ್ಷ ಅಮೆರಿಕದ ಫ್ರೇಮ್‌ವರ್ಕ್ ಎಂಬ ಕಂಪನಿ, ಬಳಸುವವರೇ ಸ್ಕ್ರೂ ಬಿಚ್ಚಿ ಬಿಡಿಭಾಗ ಬದಲಿಸಬಹುದಾದ ಲ್ಯಾಪ್‌ಟಾಪು ತಂದಿತು. ಮುಂದೆ ಹಳೆಯ ಡಬ್ಬಿಯೊಳಗೇ ಹೊಸ ಪ್ರೊಸೆಸರಿನ ಬೋರ್ಡನ್ನು ಕೂರಿಸುವ ಅನುಕೂಲವನ್ನೂ ಕೊಟ್ಟಿತು. ಯುರೋಪಿನ ಬ್ಯಾಟರಿ ನಿಯಮದಲ್ಲಿ, ಇಂಥ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆಯುವಂತಿರಬೇಕು ಎಂಬ ಅಂಶಕ್ಕೆ ಇಟ್ಟ ದಿನ 2027ರ ಫೆಬ್ರವರಿ 18.

ನನ್ನ ಪ್ರಕಾರ ಕಸ ತಡೆಯುವ ನಿಜವಾದ ಜಾಗ ಅಂಗಡಿ. ತೂಕ, ಬಣ್ಣ ಕೇಳುವಾಗ ಇನ್ನೆರಡು ಪ್ರಶ್ನೆ ಕೇಳಿ: ರ‍್ಯಾಮ್ ಬೆಸೆದದ್ದೋ, ಕಳಚುವಂಥದ್ದೋ? ಬ್ಯಾಟರಿ ಸ್ಕ್ರೂವಿನಲ್ಲಿದೆಯೋ, ಅಂಟಿನಲ್ಲೋ? ಆಫೀಸುಗಳಿಗೆಂದೇ ತಯಾರಾದ ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್ ಮಾದರಿಗಳಿಗೆ ಬಿಚ್ಚುವ ಕೈಪಿಡಿಯನ್ನು ಕಂಪನಿಯೇ ಕೊಡುತ್ತದೆ.

ಅಟ್ಟದಲ್ಲಿರುವವಕ್ಕೂ ಉಪಾಯವಿದೆ. ಹಾರ್ಡ್ ಡಿಸ್ಕಿನ ಜಾಗಕ್ಕೆ ಎಸ್‌ಎಸ್‌ಡಿ ಹಾಕಿದರೆ ಹತ್ತು ವರ್ಷದ ಮುದುಕನೂ ಎದ್ದು ಓಡಾಡುತ್ತಾನೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಮಾಮೂಲಿ ಬೆಂಬಲ ನಿಂತಿತು ನಿಜ, ಆದರೆ ಅಂಥ ಯಂತ್ರಕ್ಕೆ ಲಿನಕ್ಸ್ ಹಾಕಬಹುದು; ಕನ್ನಡ ಪತ್ರಿಕೆ ಓದಲು, ಮಕ್ಕಳ ಹೋಂವರ್ಕಿಗೆ ಧಾರಾಳವಾಯಿತು. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ, ಊರಿಗೆ ಹೋಗುವ ಸೂಟ್‌ಕೇಸಿನಲ್ಲಂತೂ ಇಡಲೇಬೇಡಿ. ಅದನ್ನು ನೇರವಾಗಿ ಸಂಗ್ರಹಣಾ ಕೇಂದ್ರಕ್ಕೆ ಒಯ್ದು, ಉಬ್ಬಿದೆ ಎಂದು ಅಲ್ಲಿನವರಿಗೆ ಹೇಳಿಯೇ ಕೊಡಿ.