ಮಾತು ಬಾರದ ಮಕ್ಕಳ ಮನದ ಮಾತು

ಆಟಿಸಂ ಅಥವಾ ಸ್ವಲೀನತೆ ಪೂರ್ವಜನ್ಮದ ಫಲವಲ್ಲ, ತಾಯಿಯ ಅಲಕ್ಷ್ಯದಿಂದ ಬರುವಂಥದ್ದೂ ಅಲ್ಲ. ಅದು ಮಿದುಳಿನ ಬೆಳವಣಿಗೆ ಬೇರೊಂದು ಕ್ರಮದಲ್ಲಿ ಸಾಗುವ ಸ್ಥಿತಿ. ಈ ಮಕ್ಕಳಲ್ಲಿ ಕೆಲವರು ಚೆನ್ನಾಗಿ ಮಾತನಾಡುವರು; ಕೆಲವರಿಗೆ ಮಾತೇ ಬಾರದು. ಮಾತಿಲ್ಲದವರಿಗೆ ಅರಿವೂ ಇಲ್ಲವೆಂದು ಭಾವಿಸುವುದು ನಾವು ಅವರಿಗೆ ಮಾಡುವ ದೊಡ್ಡ ಅನ್ಯಾಯ.

ಬಾಲ್ಯದ ಕೆಲವು ವರ್ಷಗಳನ್ನು ಮೈಸೂರು, ಬೆಂಗಳೂರುಗಳಲ್ಲಿ ಕಳೆದ ಟಿಟೋ ರಾಜರ್ಷಿ ಮುಖೋಪಾಧ್ಯಾಯ ಇದಕ್ಕೆ ನಿದರ್ಶನ. ಮಾತು ಬಹುತೇಕ ಬಾರದಿದ್ದ ಈ ಬಾಲಕನಿಗೆ ತಾಯಿ ಸೋಮಾ ಅವರು ಅಕ್ಷರ ಫಲಕ ತೋರಿಸಿ, ಕೈಗೆ ಪೆನ್ಸಿಲ್ ಕಟ್ಟಿ ಬರವಣಿಗೆ ಕಲಿಸಿದರು. 8ರಿಂದ 11ನೆಯ ವಯಸ್ಸಿನೊಳಗೆ ಅವನು ಬರೆದ ಬರಹಗಳು 2000ದಲ್ಲಿ ಇಂಗ್ಲೆಂಡಿನಲ್ಲಿ ‘ಬಿಯಾಂಡ್ ದಿ ಸೈಲೆನ್ಸ್’ ಎಂಬ ಪುಸ್ತಕವಾದವು. ನೋಡುವವರಿಗೆ ಅರ್ಥಹೀನವಾಗಿ ಕಂಡ ಅವನ ಗಿರಗಿರನೆ ತಿರುಗುವಿಕೆಗೆ ಕಾರಣವನ್ನು ಅವನೇ ಬರೆದನು: ಚದುರಿಹೋದಂತೆ ತೋರುವ ತನ್ನ ದೇಹವನ್ನು ಒಂದುಗೂಡಿಸಿಕೊಳ್ಳಲು ಹಾಗೆ ತಿರುಗುತ್ತಿದ್ದನಂತೆ. ಹೊರಗಿನವರು ಹೇಳಿದ ಕಥೆ ಒಂದು, ಒಳಗಿನವನು ಹೇಳಿದ್ದು ಮತ್ತೊಂದು.

ಈ ಒಳಗಿನ ಕಥೆಗೆ ಬೆಲೆ ಕೊಡುವುದೇ ಕಥನ ಚಿಕಿತ್ಸೆ. ಆಸ್ಟ್ರೇಲಿಯದ ಮೈಕೆಲ್ ವೈಟ್ ಮತ್ತು ನ್ಯೂಜಿಲೆಂಡಿನ ಡೇವಿಡ್ ಎಪ್ಸ್ಟನ್ ರೂಪಿಸಿದ ಈ ಪದ್ಧತಿಯಲ್ಲಿ ವ್ಯಕ್ತಿಯೇ ಸಮಸ್ಯೆಯಲ್ಲ. ಸಮಸ್ಯೆಯನ್ನು ಅವನಿಂದ ಬೇರ್ಪಡಿಸಿ ನೋಡಲಾಗುತ್ತದೆ. ಜಾತ್ರೆಯ ಧ್ವನಿವರ್ಧಕಕ್ಕೆ ಕಿವಿ ಮುಚ್ಚಿ ಕಿರುಚುವ ಮಗುವನ್ನು ‘ಹಟಮಾರಿ’ ಎನ್ನುವುದು ನಮ್ಮ ಕಥೆ. ಆ ಸದ್ದಿಗೆ ಮಗುವೇ ಒಂದು ಹೆಸರಿಡಲಿ, ಚಿತ್ರ ಬರೆಯಲಿ; ಅದು ಯಾವಾಗ ಬರುತ್ತದೆ, ಏನು ಮಾಡಿದರೆ ತಗ್ಗುತ್ತದೆ ಎಂಬುದನ್ನು ಮಗುವಿನಿಂದಲೇ ತಿಳಿಯೋಣ.

ಸಾಲಹಳ್ಳಿಯಂತಹ ಊರಿನಲ್ಲಿ ಇದಕ್ಕೆ ಸಾಧನಗಳ ಕೊರತೆಯಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಯ ಜೇಡಿಮಣ್ಣು, ಅಂಗಳದ ರಂಗೋಲಿ, ಭಜನೆಯ ತಾಳ ಯಾವುದಾದರೂ ಆದೀತು. ಮಣ್ಣಿನ ಸ್ಪರ್ಶ ಹಿಡಿಸದ ಮಗುವಿಗೆ ಬಳಪ ಕೊಡಿರಿ. ಒತ್ತಾಯ ಬೇಡ, ಬಹುಮಾನದ ಆಸೆಯೂ ಬೇಡ. ಮಗು ಒಂದೇ ಚಕ್ರವನ್ನು ನೂರು ಸಲ ಬರೆದರೂ ‘ಬೇರೇನಾದರೂ ಬರೆ’ ಎನ್ನದೆ ಪಕ್ಕದಲ್ಲಿ ಕುಳಿತು ನೋಡಿರಿ. ಮಗುವಿನ ಎದುರಿನಲ್ಲಿಯೇ ‘ಇವನಿಗೇನೂ ತಿಳಿಯದು’ ಎಂದು ಬಂಧುಗಳಿಗೆ ಹೇಳುವುದನ್ನು ಇಂದೇ ನಿಲ್ಲಿಸಿರಿ.

ಒಂದು ಎಚ್ಚರಿಕೆಯೂ ಅಗತ್ಯ. ಸೋಮಾ ಅವರ ವಿಧಾನ ಮುಂದೆ ಅಮೆರಿಕದಲ್ಲಿ ಪ್ರಚಾರ ಪಡೆಯಿತು. ಆದರೆ ಫಲಕ ಹಿಡಿದು ಪ್ರಚೋದಿಸುವಾಗ ಬರುವ ಮಾತು ಮಗುವಿನದೋ ಸಹಾಯಕರದೋ ಎಂಬ ಸಂಶಯದಿಂದ ಅಲ್ಲಿನ ವಾಕ್-ಶ್ರವಣ ತಜ್ಞರ ಸಂಘವು 2018ರಲ್ಲಿ ಅದನ್ನು ಬಳಸಬಾರದೆಂದು ತಿಳಿಸಿತು. ಟಿಟೋ ತನ್ನ ಕೈಯಿಂದಲೇ ಬರೆಯುವುದನ್ನು ಕಲಿತನೆಂಬುದು ಇಲ್ಲಿ ಮುಖ್ಯ. ಹನ್ನೆರಡನೆಯ ಶತಮಾನದಲ್ಲಿ ನಾನಾ ಕಾಯಕದ ಶರಣರು ತಮ್ಮ ಅನುಭವವನ್ನು ತಮ್ಮದೇ ಅಂಕಿತದಲ್ಲಿ ನುಡಿದರು. ಈ ಮಕ್ಕಳ ಅಭಿವ್ಯಕ್ತಿಗೂ ಅವರದೇ ಅಂಕಿತವಿರಬೇಕು. ನಮ್ಮ ಆಸೆಯನ್ನು ಅವರ ಬಾಯಲ್ಲಿ ಇಡಲಾಗದು.

ಆಯುರ್ವೇದ ವೈದ್ಯನಾಗಿ ಸ್ಪಷ್ಟವಾಗಿ ಹೇಳುವೆ: ಸ್ವಲೀನತೆಯನ್ನು ಕಳೆಯುವ ಲೇಹ್ಯವಾಗಲಿ ಭಸ್ಮವಾಗಲಿ ಇಲ್ಲ. ನಿದ್ರೆ, ಮಲಬದ್ಧತೆಗಳಂತಹ ತೊಂದರೆಗಳಿಗೆ ಮಾತ್ರ ವೈದ್ಯರ ಸಲಹೆ ಪಡೆಯಿರಿ. ಗುಣಪಡಿಸುವ ಭರವಸೆಗೆ ಹೊಲ ಮಾರದಿರಿ. ಅಂಗನವಾಡಿ, ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಕ್ಕೆ ಮಗುವನ್ನು ತೋರಿಸಿರಿ. ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಜ್ಞರ ನೆರವಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸ್ವಲೀನತೆಯೂ ಸೇರಿದೆ. ಪ್ರಮಾಣಪತ್ರ ಪಡೆಯಲು ಸಂಕೋಚ ಬೇಡ.

ಮಾತು ಕಲಿಸುವ ಯತ್ನ ನಡೆಯುತ್ತಲೇ ಇರಲಿ. ಅದು ಕೈಗೂಡುವವರೆಗೆ ಮಗುವಿನ ಕೈಯಲ್ಲಿ ಬಳಪವಿರಲಿ, ನಮ್ಮಲ್ಲಿ ತಾಳ್ಮೆಯಿರಲಿ.