ಮಳೆಗಾಲದಲ್ಲಿ ಪೇಡ ಕೆಡದಂತೆ ಇಡುವುದು ಹೇಗೆ?

ನಮ್ಮ ಅಮ್ಮಿ ಮನೆಯಲ್ಲೇ ಪೇಡ ಮಾಡಿ ಆರ್ಡರ್ ಮೇಲೆ ಕೊಡುತ್ತಾರೆ. ಲೆಕ್ಕ ಬರೆಯುವ ಕೆಲಸ ನನ್ನದು. ಕಳೆದ ಜುಲೈನಲ್ಲಿ ಸೌದಿಗೆ ಹೊರಟಿದ್ದ ಒಬ್ಬರು ಮೂರು ಕೆಜಿ ಬಿಳಿ ಪೇಡ ಕೇಳಿದರು. ಹತ್ತು ದಿನ ಇಟ್ಟುಕೊಂಡು ತಿನ್ನುತ್ತೇವೆ ಎಂದರು. ಅಮ್ಮಿ, "ಬಿಳಿಯದು ಆಗುವುದಿಲ್ಲ, ಕಂದು ಪೇಡವಾದರೆ ಮಾಡಿಕೊಡುತ್ತೇನೆ, ಅದನ್ನೂ ಒಂದು ವಾರದೊಳಗೆ ಮುಗಿಸಿ" ಎಂದರು. ಅವರು ಬೇಡವೆಂದು ಹೋದರು. ಒಂದು ಸಾವಿರಕ್ಕಿಂತ ಹೆಚ್ಚಿನ ವ್ಯಾಪಾರ ಕೈಬಿಟ್ಟಿತಲ್ಲ ಎಂದು ನನಗೆ ಬೇಸರವಾಯಿತು. ಅಮ್ಮಿ ಹೇಳಿದ್ದು ಏಕೆ ಸರಿ ಎಂದು ಆಮೇಲೆ ಲೆಕ್ಕ ಹಾಕಿ ನೋಡಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲವೂ ನಿಂತಿರುವುದು ನೀರಿನ ಮೇಲೆ. ಹಸುವಿನ ಹಾಲಿನಲ್ಲಿ ನೂರಕ್ಕೆ ಸುಮಾರು 87 ಭಾಗ ನೀರೇ ಇರುತ್ತದೆ. ಅಗಲ ಬಾಣಲೆಯಲ್ಲಿ ಕುದಿಸಿ, ಮರದ ಸಟ್ಟುಗದಿಂದ ತಳ ಮತ್ತು ಅಂಚು ಕೆರೆಯುತ್ತಾ ಆ ನೀರನ್ನು ಓಡಿಸಿದರೆ ಉಳಿಯುವುದು ಖೋವಾ. ನಮ್ಮ ಮನೆಯಲ್ಲಿ ಇದಕ್ಕೆ ಮಾವಾ ಎನ್ನುತ್ತೇವೆ. ಐದು ಲೀಟರ್ ಹಸುವಿನ ಹಾಲಿಗೆ ಸುಮಾರು 900 ಗ್ರಾಂ ಖೋವಾ ಬರುತ್ತದೆ. ಎಮ್ಮೆ ಹಾಲಿನಲ್ಲಿ ಕೊಬ್ಬು ಹೆಚ್ಚು, ಆದ್ದರಿಂದ ಖೋವಾ ಇನ್ನೂ ಹೆಚ್ಚು ಬರುತ್ತದೆ, ಮೃದುವಾಗಿಯೂ ಇರುತ್ತದೆ. ಹಾಲು ಹಿಂದಿನ ದಿನದ್ದಾದರೆ ಅಮ್ಮಿ ಮೊದಲು ಅರ್ಧ ಲೋಟ ಮಾತ್ರ ಬೇರೆ ಪಾತ್ರೆಯಲ್ಲಿ ಕುದಿಸಿ ನೋಡುತ್ತಾರೆ. ಒಡೆದರೆ ಅರ್ಧ ಲೋಟ ಮಾತ್ರ ಹೋಯಿತು, ಐದು ಲೀಟರ್ ಅಲ್ಲ. ಮಳೆಗೆ ಕರೆಂಟ್ ಹೋಗಿ ಫ್ರಿಜ್ ನಿಂತ ದಿನ ಇದನ್ನು ಬಿಡಲೇಬಾರದು.

ಖೋವಾ ಬಾಣಲೆಯ ಅಂಚು ಬಿಟ್ಟು ಮುದ್ದೆಯಾದ ಮೇಲೆ ಉರಿ ಸಣ್ಣದು ಮಾಡಿ 250 ಗ್ರಾಂ ಸಕ್ಕರೆ ಹಾಕಬೇಕು. ಹಾಕಿದ ಕೂಡಲೇ ಅದು ಮತ್ತೆ ತೆಳ್ಳಗಾಗುತ್ತದೆ. ಮೊದಲ ಸಲ ಮಾಡುವವರು ಇಲ್ಲಿ ಗಾಬರಿಯಾಗುತ್ತಾರೆ. ಮಗುಚುತ್ತಾ ಇದ್ದರೆ ಪುನಃ ಗಟ್ಟಿಯಾಗುತ್ತದೆ. ಆಗ ಏಲಕ್ಕಿ ಹಾಕಿ ಇಳಿಸಿದರೆ ಬಿಳಿ ಪೇಡ. ಇಳಿಸದೆ ಇನ್ನೂ ಸುಮಾರು ಒಂದು ಗಂಟೆ ಸಣ್ಣ ಉರಿಯಲ್ಲಿ ಹುರಿದರೆ ಹಾಲಿನ ಸಕ್ಕರೆ ಮತ್ತು ಪ್ರೋಟೀನ್ ಬಿಸಿಗೆ ಕೂಡಿ ಬಣ್ಣ ಕಂದಾಗುತ್ತದೆ, ಪುಡಿಪುಡಿಯಾಗುತ್ತದೆ, ಪರಿಮಳವೇ ಬೇರೆಯಾಗುತ್ತದೆ. ಧಾರವಾಡ ಪೇಡದ ದಾರಿ ಇದು. ಪ್ಲೇಗ್ ಕಾಲದಲ್ಲಿ ಉತ್ತರ ಪ್ರದೇಶದ ಉನ್ನಾವ್‌ನಿಂದ ಧಾರವಾಡಕ್ಕೆ ಬಂದ ಠಾಕೂರ್ ಕುಟುಂಬ ಅದನ್ನು ಶುರು ಮಾಡಿತು. ಈಗ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ.

ಹುರಿದಷ್ಟೂ ನೀರು ಕಡಿಮೆ. ಉಳಿದ ಸ್ವಲ್ಪ ನೀರನ್ನೂ ಸಕ್ಕರೆ ಹಿಡಿದಿಟ್ಟುಕೊಳ್ಳುತ್ತದೆ, ಬೂಷ್ಟಿಗೆ ಬಿಟ್ಟುಕೊಡುವುದಿಲ್ಲ. ಉಪ್ಪಿನಕಾಯಿಯಲ್ಲಿ ಉಪ್ಪು ಮಾಡುವ ಕೆಲಸವೂ ಇದೇ. ಆದ್ದರಿಂದಲೇ ಕಂದು ಪೇಡ ಹೆಚ್ಚು ದಿನ ಇರುತ್ತದೆ.

ಆದರೆ ಧಾರವಾಡದ ಕ್ರಮವನ್ನು ಕಾರ್ಗಲ್‌ನಲ್ಲಿ ಹಾಗೇ ಮಾಡಲು ಆಗುವುದಿಲ್ಲ. ಅಲ್ಲಿ ಪೇಡವನ್ನು ಸಕ್ಕರೆ ಪುಡಿಯಲ್ಲಿ ಹೊರಳಿಸುತ್ತಾರೆ. ಗಾಳಿಯ ತೇವಾಂಶ ನೂರಕ್ಕೆ 85 ದಾಟಿದರೆ ಸಕ್ಕರೆ ತಾನೇ ನೀರು ಎಳೆದುಕೊಂಡು ಕರಗತೊಡಗುತ್ತದೆ. ಜೋಗ, ಲಿಂಗನಮಕ್ಕಿ ಕಡೆಯ ಜುಲೈ ತಿಂಗಳು ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಯೂನಿಫಾರ್ಮ್ ಮೂರು ದಿನವಾದರೂ ಒಣಗುವುದಿಲ್ಲ. ಹೊರಗಿನ ಸಕ್ಕರೆ ಪಾಕವಾಗಿ ಅಂಟಿದ ಜಾಗದಲ್ಲೇ ಬೂಷ್ಟು ಮೊದಲು ಕಾಣಿಸುತ್ತದೆ. ಅದಕ್ಕೇ ಅಮ್ಮಿ ಮಳೆಗಾಲದಲ್ಲಿ ಸಕ್ಕರೆ ಹೊರಳಿಸುವುದಿಲ್ಲ. ಬೇಕೆಂದವರಿಗೆ ಪುಡಿಯನ್ನು ಬೇರೆ ಪೊಟ್ಟಣದಲ್ಲಿ ಕೊಡುತ್ತಾರೆ.

ಇಡುವಾಗ ಅತಿ ಮುಖ್ಯವಾದದ್ದು ತಣಿಸುವುದು. ಬಿಸಿ ಇರುವಾಗಲೇ ಡಬ್ಬಿ ಮುಚ್ಚಿದರೆ ಆವಿ ಮುಚ್ಚಳಕ್ಕೆ ಹನಿಯಾಗಿ ಕೂತು ಪೇಡದ ಮೇಲೆ ಬೀಳುತ್ತದೆ. ಗಂಟೆಗಟ್ಟಲೆ ನಿಂತು ಓಡಿಸಿದ ನೀರನ್ನು ನಾವೇ ಕರೆದು ಒಳಗೆ ಕೂರಿಸಿದ ಹಾಗೆ! ತೆಳು ಬಟ್ಟೆ ಮುಚ್ಚಿ ಪೂರ್ತಿ ಆರಲು ಬಿಡಬೇಕು. ಬಿಸಿಲಿಲ್ಲದ ದಿನ ತೊಳೆದ ಸ್ಟೀಲ್ ಡಬ್ಬಿಯನ್ನು ಒರೆಸಿ ಒಲೆಯ ಬಿಸಿಗೆ ಹಿಡಿದು ಒಣಗಿಸಬೇಕು. ಒಂದೊಂದು ಪೇಡವನ್ನೂ ಬಟರ್ ಪೇಪರ್‌ನಲ್ಲಿ ಸುತ್ತಿದರೆ ಒಂದಕ್ಕೊಂದು ಅಂಟುವುದಿಲ್ಲ, ಒಂದು ಕೆಟ್ಟರೆ ಪಕ್ಕದ್ದಕ್ಕೆ ಬೇಗ ಹರಡುವುದೂ ಇಲ್ಲ. ನಮ್ಮಂತೆಯೇ ಮಳೆ ಹೆಚ್ಚಿರುವ ಫಿಲಿಪ್ಪೀನ್ಸ್‌ನಲ್ಲೂ ಎಮ್ಮೆ ಹಾಲು, ಸಕ್ಕರೆ ಕಾಯಿಸಿ 'ಪಾಸ್ಟಿಯಾಸ್' ಎಂಬ ಮಿಠಾಯಿ ಮಾಡಿ, ಒಂದೊಂದನ್ನೇ ಕಾಗದದಲ್ಲಿ ಸುತ್ತುತ್ತಾರೆ. ಅಲ್ಲಿನ ಬುಲಾಕಾನ್ ಪ್ರಾಂತ್ಯದಲ್ಲಂತೂ ಆ ಕಾಗದದ ಬಾಲವನ್ನು ಕತ್ತರಿಯಿಂದ ಹೂಬಳ್ಳಿಯ ಹಾಗೆ ಕತ್ತರಿಸುವುದೇ ಒಂದು ಕಲೆ. ನಮ್ಮ ಮನೆಯಲ್ಲಿ ಅಷ್ಟು ಪುರುಸೊತ್ತಿಲ್ಲ.

ಫ್ರಿಜ್‌ನಲ್ಲಿಟ್ಟ ಡಬ್ಬಿಯನ್ನು ಹೊರತೆಗೆದ ಕೂಡಲೇ ತೆರೆಯಬೇಡಿ. ತಂಪು ಇಳಿಯುವ ತನಕ ಮುಚ್ಚಿಯೇ ಇರಲಿ, ಇಲ್ಲದಿದ್ದರೆ ಹೊರಗಿನ ತೇವ ಪೇಡದ ಮೇಲೆಯೇ ಕೂರುತ್ತದೆ. ಬೂಷ್ಟು ಬಂದದ್ದನ್ನು ಕೆರೆದು ತಿನ್ನಲೂ ಬಾರದು. ಮೇಲೆ ಕಾಣುವುದು ಸ್ವಲ್ಪವಾದರೂ ಅದರ ಎಳೆಗಳು ಒಳಗೆ ಇಳಿದಿರುತ್ತವೆ.

ಇನ್ನು ನನ್ನ ವಿಷಯಕ್ಕೆ, ಅಂದರೆ ಲೆಕ್ಕಕ್ಕೆ ಬರುತ್ತೇನೆ. ಲೀಟರಿಗೆ 50 ರೂಪಾಯಿಯಂತೆ ಐದು ಲೀಟರ್ ಹಾಲಿಗೆ 250, ಸಕ್ಕರೆಗೆ 12, ಏಲಕ್ಕಿ-ತುಪ್ಪಕ್ಕೆ 25, ಗ್ಯಾಸಿಗೆ 30, ಡಬ್ಬಿ-ಕಾಗದಕ್ಕೆ 18. ಒಟ್ಟು 335 ರೂಪಾಯಿ. ಬಿಳಿ ಪೇಡವಾದರೆ ಸುಮಾರು 1,100 ಗ್ರಾಂ ಬರುತ್ತದೆ, ಕೆಜಿಗೆ ಸುಮಾರು 305 ಬಿತ್ತು. ಕಂದು ಪೇಡಕ್ಕೆ ಗ್ಯಾಸ್ 10 ರೂಪಾಯಿ ಹೆಚ್ಚು, ಸಿಗುವುದು ಒಂದೇ ಕೆಜಿ, ಬೀಳುವುದು 345. ಆ 40 ರೂಪಾಯಿ ವ್ಯತ್ಯಾಸದಲ್ಲಿ ಹೆಚ್ಚಿನ ಪಾಲು ನಾವು ಮಾರದೆ ಬಿಟ್ಟ 100 ಗ್ರಾಂ ನೀರಿನ ಬೆಲೆ. ನೀರು ಉಳಿಸಿದರೆ ತೂಕ ಬರುತ್ತದೆ, ಪೇಡ ಬೇಗ ಕೆಡುತ್ತದೆ. ಮಾಡುವವರಿಗೆ ಆಸೆ ಹುಟ್ಟುವ ಜಾಗವೂ ಇದೇ. ಇದರಲ್ಲಿ ಅಮ್ಮಿ ಒಲೆ ಮುಂದೆ ನಿಂತ ಮೂರೂವರೆ ಗಂಟೆಯ ಕೂಲಿ ಸೇರಿಲ್ಲ. ಅರ್ಥಶಾಸ್ತ್ರದಲ್ಲಿ ಇದನ್ನೂ ವೆಚ್ಚವೆಂದೇ ಓದುತ್ತೇವೆ, ಮನೆಯಲ್ಲಿ ಮಾತ್ರ ಯಾರೂ ಬರೆಯುವುದಿಲ್ಲ. ನಾನು ಗಂಟೆಗೆ 40 ರೂಪಾಯಿಯಂತೆ 140 ಸೇರಿಸಿ ಬರೆದೆ. ಅಮ್ಮಿ ನಕ್ಕರು, ಆದರೆ ಹೊಡೆದು ಹಾಕು ಎನ್ನಲಿಲ್ಲ.

ಅಂಗಡಿಗಳಲ್ಲಿ ಬಿಡಿಯಾಗಿ ಮಾರುವ ಸಿಹಿತಿಂಡಿಯ ತಟ್ಟೆಯ ಮೇಲೆ ಯಾವ ದಿನದೊಳಗೆ ತಿನ್ನಬೇಕು ಎಂದು ಬರೆದಿಡಬೇಕೆಂಬ ನಿಯಮ 2020ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ನಾವು ಡಬ್ಬಿಯ ಮೇಲೆ ಎರಡು ದಿನಾಂಕ ಬರೆಯುತ್ತೇವೆ: ಮಾಡಿದ್ದು, ಮುಗಿಸಬೇಕಾದ್ದು. ಬಿಳಿಯದಕ್ಕೆ ಎರಡು ದಿನ, ಕಂದಿಗೆ ಏಳು. ಈ ವರ್ಷ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಊರು ಬಿಟ್ಟು ಹೋಗುವವರಿಗೆ ಬಿಳಿ ಪೇಡದ ಆರ್ಡರ್ ಹಿಡಿಯುವುದಿಲ್ಲ. ಕಂದು ಪೇಡದ ದರ ಕೆಜಿಗೆ 500 ರೂಪಾಯಿ.