ಎರೆನೆಲಕ್ಕೆ ಸುಣ್ಣದ ಮದ್ದು

ಜೀವಮಾನದ ಉಳಿತಾಯವನ್ನೆಲ್ಲ ಸುರಿದು ಕಟ್ಟಿಸಿದ ಮನೆ. ಗೃಹಪ್ರವೇಶವಾಗಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯಲ್ಲಿ ಓರೆಯಾಗಿ ಬಿರುಕು! ಯಜಮಾನರು ಮೇಸ್ತ್ರಿಯನ್ನು ಶಪಿಸುತ್ತಾರೆ. ಮನೆಯಾಕೆ ವಾಸ್ತುವನ್ನು ಶಂಕಿಸುತ್ತಾರೆ. ತಪ್ಪು ಕೆಳಗಿನ ಎರೆಮಣ್ಣಿನದಾಗಿರಬಹುದು.

ಮಲೆನಾಡಿನ ಕೆಮ್ಮಣ್ಣು ಶಿವಮೊಗ್ಗ, ಭದ್ರಾವತಿಗಳಿಂದ ಪೂರ್ವದ ಬಯಲಿಗಿಳಿದಂತೆ ಅಲ್ಲಲ್ಲಿ ಕಪ್ಪಾಗುತ್ತದೆ. ಈ ಕಪ್ಪು ಜೇಡಿಯಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಖನಿಜವುಂಟು. ಅದರ ಕಣಗಳು ಪುಸ್ತಕದ ಹಾಳೆಗಳಂತೆ ಪದರಪದರವಾಗಿವೆ. ಮಳೆಯ ನೀರು ಪದರಗಳ ನಡುವೆ ಹೊಕ್ಕಾಗ ನೆಲ ಉಬ್ಬಿ ಅಸ್ತಿಭಾರವನ್ನು ಎತ್ತುತ್ತದೆ. ಬೇಸಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ.

ಇದಕ್ಕೆ ಮದ್ದು ನಮ್ಮ ಎಲೆಯಡಿಕೆಯ ತಟ್ಟೆಯಲ್ಲಿಯೇ ಇದೆ: ಸುಣ್ಣ. ಅದರ ಕ್ಯಾಲ್ಸಿಯಂ, ಪದರಗಳಲ್ಲಿನ ಸೋಡಿಯಂನ ಸ್ಥಾನವನ್ನು ಹಿಡಿದು ಕಣಗಳನ್ನು ಒಗ್ಗೂಡಿಸುತ್ತದೆ. ಬಳಿಕ ತಿಂಗಳುಗಟ್ಟಲೆ ಮಣ್ಣಿನ ಸಿಲಿಕಾದೊಡನೆ ಕೂಡಿ ಸಿಮೆಂಟಿನಂಥ ಬಂಧವಾಗುತ್ತದೆ. ಒಣಮಣ್ಣಿನ ತೂಕದ ನೂರಕ್ಕೆ 3ರಿಂದ 8 ಭಾಗ ಸಾಮಾನ್ಯವಾಗಿ ಸಾಕು. ನಿಖರ ಪ್ರಮಾಣವನ್ನು ಪರೀಕ್ಷೆಯೇ ಹೇಳಬೇಕು.

1923ರಲ್ಲಿ ಭದ್ರಾವತಿಯ ಕಾರ್ಖಾನೆಯಲ್ಲಿ ಕಬ್ಬಿಣ ಹರಿಯತೊಡಗಿದಾಗ ಕಿಟ್ಟವೂ ಜೊತೆಗೆ ಹರಿಯಿತು. ಊದುಕುಲುಮೆಯ ಅಂಥ ಕಿಟ್ಟವನ್ನು ನೀರಿನಲ್ಲಿ ಥಟ್ಟನೆ ತಣಿಸಿ, ನುಣ್ಣಗೆ ಅರೆದು ಸುಣ್ಣದೊಡನೆ ಬೆರೆಸಿದರೆ ಅದೂ ಎರೆಮಣ್ಣನ್ನು ಬಿಗಿಯಬಲ್ಲುದು. ಕಸವೆಂದು ಕಂಡದ್ದೇ ಕಟ್ಟಡಕ್ಕೆ ಆಧಾರ!

ಆದರೆ ಎರೆ ಬಹಳ ಆಳವಾಗಿದ್ದರೆ ಸುಣ್ಣವೊಂದೇ ಸಾಲದು. ಕೆಳಗಿನ ಗಟ್ಟಿನೆಲದವರೆಗೆ ಕಂಬಗಳನ್ನು ಇಳಿಸಬೇಕಾದೀತು. ಆದ್ದರಿಂದ ವಾಚಕರೇ, ಮನೆಯ ನಕ್ಷೆಗಿಂತ ಮೊದಲು ಮಣ್ಣಿನ ಪರೀಕ್ಷೆಯಾಗಲಿ. ಗೋಡೆಗೆ ಬಳಿದ ಸುಣ್ಣ ಬಿರುಕನ್ನು ಮುಚ್ಚೀತು. ನೆಲಕ್ಕೆ ಬೆರೆಸಿದ ಸುಣ್ಣ ಬಿರುಕನ್ನೇ ತಡೆದೀತು.